ಬೆಂಗಳೂರಿನಲ್ಲಿ ಬಾಡಿಗೆ ಮನೆ: ಅಡ್ವಾನ್ಸ್ ಕೊಡುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಮಗನಿಗೋ ಮಗಳಿಗೋ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು ಎಂದರೆ ಮನೆಮಂದಿಗೆಲ್ಲ ಸಂತೋಷ. ಎಂಟು ದಿನ ಕಳೆಯುವಷ್ಟರಲ್ಲಿ ಫೋನ್ ಬರುತ್ತದೆ: "ಅಪ್ಪಾ, ಇಂದಿರಾನಗರದಲ್ಲಿ ಒಂದು ಮನೆ ನೋಡಿದ್ದೇವೆ. ನಾಳೆಯೊಳಗೆ ಅಡ್ವಾನ್ಸ್ ಕೊಡದಿದ್ದರೆ ಬೇರೆಯವರ ಪಾಲಾಗುತ್ತದಂತೆ." ಎಷ್ಟು ಎಂದು ಕೇಳಿದರೆ ಲಕ್ಷದ ಲೆಕ್ಕ. ಮಂಜೇಶ್ವರದ ಅಡಿಕೆ ತೋಟದವರಾಗಲಿ, ಅಕ್ಕಲಕೋಟೆಯ ಜೋಳದ ಹೊಲದವರಾಗಲಿ, ಮಡಕಶಿರಾದ ಶೇಂಗಾ ಬೆಳೆಗಾರರಾಗಲಿ, ತಾಳವಾಡಿಯ ರೈತರಾಗಲಿ, ಆ ದುಡ್ಡು ಹೊರಡುವುದು ಊರಿನಿಂದಲೇ. ಕೆಲವರು ಬೆಳೆ ಮಾರಿ ಕೊಡುತ್ತಾರೆ, ಕೆಲವರು ಚಿನ್ನ ಅಡವಿಟ್ಟು ಕೊಡುತ್ತಾರೆ.

ಈ ದುಡ್ಡು ಖರ್ಚಾಗುವ ದುಡ್ಡಲ್ಲ, ಮರಳಿ ಬರಬೇಕಾದ ದುಡ್ಡು. ಆದರೆ ಮರಳಿ ಬರುವಾಗ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂಬುದು ಮನೆ ಬಿಡುವ ದಿನ ತೀರ್ಮಾನವಾಗುವುದಿಲ್ಲ. ಮನೆ ಹಿಡಿಯುವ ದಿನ ಸಹಿ ಹಾಕಿದ ಕಾಗದದಲ್ಲೇ ಅದು ತೀರ್ಮಾನವಾಗಿರುತ್ತದೆ. ಆದ್ದರಿಂದ ಬೆಂಗಳೂರಿನ ಬೇಡಿಕೆಯ ಬಡಾವಣೆಗಳಲ್ಲಿ ಮನೆ ಹಿಡಿಯುವ ಕ್ರಮ, ಅದರ ಲೆಕ್ಕ, ಕಾನೂನು ಮತ್ತು ಗಡಿನಾಡಿನವರು ವಿಶೇಷವಾಗಿ ಗಮನಿಸಬೇಕಾದ ವಿಷಯಗಳನ್ನು ಇಲ್ಲಿ ಕೊಡಲಾಗಿದೆ.

ಬೇಡಿಕೆಯ ಬಡಾವಣೆಗಳು

ಇಂದು ಐಟಿ ಕೆಲಸದ ಯುವಕ ಯುವತಿಯರು ಮೊದಲು ಕೇಳುವುದು ಮೂರು ಹೆಸರು: ಇಂದಿರಾನಗರ, ಕೋರಮಂಗಲ, ಎಚ್.ಎಸ್.ಆರ್. ಲೇಔಟ್. ಮೂರೂ ನಗರದ ಪೂರ್ವ ಮತ್ತು ಆಗ್ನೇಯ ದಿಕ್ಕಿನಲ್ಲಿವೆ. ಮೂರೂ ಮೂಲದಲ್ಲಿ ಸಾಮಾನ್ಯ ಕುಟುಂಬಗಳಿಗಾಗಿ ನಿವೇಶನ ಹಂಚಿ ಮಾಡಿದ ವಸತಿ ಬಡಾವಣೆಗಳು.

ಇಂದಿರಾನಗರ 1970ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ಆಗ ಅಲ್ಲಿ ನಿವೃತ್ತ ಸೈನಿಕ ಅಧಿಕಾರಿಗಳು, ಸಾರ್ವಜನಿಕ ಉದ್ದಿಮೆಗಳ ನೌಕರರು ತೋಟವಿರುವ ಮನೆ ಕಟ್ಟಿಕೊಂಡು ಇದ್ದರು. ನೂರಡಿ ರಸ್ತೆ, 12ನೇ ಮುಖ್ಯರಸ್ತೆಗಳಲ್ಲಿ ಅಂಗಡಿ, ಹೋಟೆಲು, ಪಬ್ಬುಗಳು ತುಂಬಿಕೊಂಡದ್ದು ಆಮೇಲೆ. ನಗರದ ಮೊದಲ ಮೆಟ್ರೋ ರೈಲು 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದಾಗ ಇಂದಿರಾನಗರ ಅದರ ಒಂದು ನಿಲ್ದಾಣವಾಗಿತ್ತು. ಬಾಡಿಗೆ ಏರಲು ಇದೂ ಒಂದು ಕಾರಣ.

ಕೋರಮಂಗಲದ ಹೆಸರು ದೇಶಕ್ಕೆಲ್ಲ ತಿಳಿದದ್ದು ಹೊಸ ಉದ್ದಿಮೆಗಳಿಂದ. 2007ರಲ್ಲಿ ಫ್ಲಿಪ್‌ಕಾರ್ಟ್ ಆರಂಭವಾದದ್ದು ಇಲ್ಲಿನ ಒಂದು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ. ಎಚ್.ಎಸ್.ಆರ್. ಎಂಬ ಮೂರು ಅಕ್ಷರಗಳಲ್ಲಿ ನಮ್ಮದೇ ಗಡಿಯ ಒಂದು ಊರಿದೆ. ಅದರ ಪೂರ್ತಿ ಹೆಸರು ಹೊಸೂರು ಸರ್ಜಾಪುರ ರಸ್ತೆ ಬಡಾವಣೆ.

ಬಡಾವಣೆಯ ಬೆನ್ನಿಗಿರುವ ಹಳ್ಳಿ

ಈ ಬಡಾವಣೆಗಳು ಬಯಲಿನಲ್ಲಿ ಹುಟ್ಟಿದವಲ್ಲ, ಹಳ್ಳಿಗಳ ಹೊಲಗಳ ಮೇಲೆ ಹುಟ್ಟಿದವು. ಹೊಲ ಹೋದರೂ ಊರುಗಳು ಹಾಗೇ ಉಳಿದಿವೆ. ಇಂದಿರಾನಗರದ ಪಕ್ಕದಲ್ಲಿ ಕೋಡಿಹಳ್ಳಿ, ದೂಪನಹಳ್ಳಿ, ಮೋಟಪ್ಪನಪಾಳ್ಯ, ಅಪ್ಪಾರೆಡ್ಡಿಪಾಳ್ಯ ಇವೆ. ಕೋರಮಂಗಲದ ಮಗ್ಗುಲಲ್ಲಿ ಈಜಿಪುರ, ಜಕ್ಕಸಂದ್ರ, ವೆಂಕಟಾಪುರ. ಎಚ್.ಎಸ್.ಆರ್. ಲೇಔಟಿನ ಅಂಚಿನಲ್ಲಿ ಅಗರ, ಪರಂಗಿಪಾಳ್ಯ.

ದೊಡ್ಡ ರಸ್ತೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಈ ಹಳ್ಳಿಗಳಲ್ಲಿ ಅದೇ ಅಳತೆಯ ಮನೆ ಸಾಮಾನ್ಯವಾಗಿ ಕಡಿಮೆ ಬಾಡಿಗೆಗೆ ಸಿಗುತ್ತದೆ. ಮನೆಯೊಡೆಯರು ಹೆಚ್ಚಾಗಿ ಹಳೆಯ ಒಕ್ಕಲು ಮನೆತನದವರು, ಕೆಳಗಿನ ಮಹಡಿಯಲ್ಲೇ ವಾಸ. ಮನೆಯ ಅಜ್ಜಿ ತೆಲುಗಿನಲ್ಲೋ ತಮಿಳಿನಲ್ಲೋ ಮಾತಾಡಿ, ಕನ್ನಡದಲ್ಲಿ ಲೆಕ್ಕ ಹೇಳುವುದು ಇಲ್ಲಿ ಮಾಮೂಲು. ಹೊಸೂರು, ರಾಯದುರ್ಗ, ಆದೋನಿ ಕಡೆಯಿಂದ ಹೋದ ಎರಡು ಭಾಷೆ ಬಲ್ಲವರಿಗೆ ಇದು ಅನುಕೂಲ. ಮಾಲೀಕರ ಜೊತೆ ನೇರವಾಗಿ ಮಾತಾಡಲು ಬಂದರೆ ದಲ್ಲಾಳಿಯ ಖರ್ಚು ಉಳಿಯುತ್ತದೆ, ಅಡ್ವಾನ್ಸಿನಲ್ಲಿ ಒಂದು ತಿಂಗಳದ್ದು ಕಡಿಮೆ ಮಾಡಿಸುವುದೂ ಸಾಧ್ಯ.

ತೊಂದರೆಗಳೂ ಇವೆ. ಓಣಿಗಳು ಇಕ್ಕಟ್ಟು. ಗೋಡೆಗೆ ಗೋಡೆ ಅಂಟಿದ ಕಟ್ಟಡಗಳಲ್ಲಿ ಗಾಳಿ ಬೆಳಕು ಕಡಿಮೆ. ಅನುಮತಿ ಪಡೆದದ್ದಕ್ಕಿಂತ ಹೆಚ್ಚು ಮಹಡಿ ಎಬ್ಬಿಸಿದ ಕಟ್ಟಡಗಳೂ ಇರುತ್ತವೆ. ಮೇಲಿನ ಮಹಡಿಯ ಮನೆ ಹಿಡಿಯುವಾಗ ಮೆಟ್ಟಿಲು ಎಷ್ಟು ಅಗಲವಿದೆ, ಅಗ್ನಿಶಾಮಕ ವಾಹನ ಆ ಓಣಿಗೆ ಬರಬಲ್ಲದೇ ಎಂದು ಒಮ್ಮೆ ನೋಡಿಕೊಳ್ಳಿ.

ಅಡ್ವಾನ್ಸಿನ ಲೆಕ್ಕ

ಬೆಂಗಳೂರಿನ ಹಳೆಯ ಪದ್ಧತಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಪಡೆಯುವುದು. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಪಡೆಯಬಾರದು ಎಂದಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾನೂನಿಗೆ ಸೇರಿಸಿಕೊಂಡರೆ ಮಾತ್ರ ಅದಕ್ಕೆ ಬಲ. "ಎರಡೇ ತಿಂಗಳು ಎಂದು ಕಾನೂನಿದೆ" ಎಂದು ಮಾಲೀಕರ ಹತ್ತಿರ ವಾದ ಮಾಡಿ ಮನೆ ಕಳೆದುಕೊಂಡವರಿದ್ದಾರೆ.

ಒಂದು ಉದಾಹರಣೆ ನೋಡೋಣ. ಬಾಡಿಗೆ ತಿಂಗಳಿಗೆ 30,000 ರೂಪಾಯಿ, ಅಡ್ವಾನ್ಸ್ ಹತ್ತು ತಿಂಗಳದ್ದು ಎಂದಿಟ್ಟುಕೊಳ್ಳಿ. ಅಂದರೆ 3 ಲಕ್ಷ ರೂಪಾಯಿ. ಇದಕ್ಕೆ ಮಾಲೀಕರು ಬಡ್ಡಿ ಕೊಡುವುದಿಲ್ಲ. ಆ ದುಡ್ಡು ಶೇ 6ರ ಬಡ್ಡಿಗೆ ಬ್ಯಾಂಕಿನಲ್ಲಿದ್ದರೆ ವರ್ಷಕ್ಕೆ 18,000, ಅಂದರೆ ತಿಂಗಳಿಗೆ 1,500 ರೂಪಾಯಿ ಬರುತ್ತಿತ್ತು. ಶೇ 12ರ ಬಡ್ಡಿಗೆ ಚಿನ್ನ ಅಡವಿಟ್ಟು ತಂದಿದ್ದರೆ ತಿಂಗಳಿಗೆ 3,000 ರೂಪಾಯಿ ಕೈಯಿಂದ ಹೋಗುತ್ತದೆ. ಅಲ್ಲಿಗೆ ನಿಜವಾದ ಬಾಡಿಗೆ 33,000 ಆಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ಕೊಡುವುದು ರೂಢಿ. ಮನೆ ಬಿಡುವಾಗ ಪೇಂಟಿಂಗ್ ಎಂದು ಇನ್ನೊಂದು ತಿಂಗಳದ್ದು ಹಿಡಿದುಕೊಳ್ಳುವುದೂ ರೂಢಿ. ಎರಡೂ ಸೇರಿ 60,000. ಹನ್ನೊಂದು ತಿಂಗಳಿಗೇ ಮನೆ ಬದಲಿಸಿದರೆ ತಿಂಗಳಿಗೆ ಸುಮಾರು 5,450 ರೂಪಾಯಿ ಹೆಚ್ಚುವರಿ ಬಿತ್ತು. ಅದೇ ಮನೆಯಲ್ಲಿ ಮೂರು ವರ್ಷ ಇದ್ದರೆ ಅದು ತಿಂಗಳಿಗೆ 1,700ರ ಒಳಗೆ ಇಳಿಯುತ್ತದೆ. ಅಪಾರ್ಟ್‌ಮೆಂಟ್ ಆದರೆ ಮೇಂಟೆನೆನ್ಸ್ ಬೇರೆ. ಅದು ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ ಎಂದು ಮೊದಲೇ ಕೇಳಬೇಕು.

ಹಾಗಾಗಿ ಊರಿನಲ್ಲಿ ಕುಳಿತು ದುಡ್ಡು ಹೊಂದಿಸುವ ಹಿರಿಯರು ಕೇಳಬೇಕಾದ ಮೊದಲ ಪ್ರಶ್ನೆ "ಬಾಡಿಗೆ ಎಷ್ಟು" ಎಂಬುದಲ್ಲ. "ಎಷ್ಟು ಕಾಲ ಇರುತ್ತೀಯ" ಎಂಬುದು. ಕೆಲಸ ಕಾಯಂ ಆಗುವವರೆಗೆ ಪಿ.ಜಿ.ಯಲ್ಲೋ, ಸ್ನೇಹಿತರ ಮನೆಯ ಒಂದು ಕೋಣೆಯಲ್ಲೋ ಇದ್ದು, ಆಮೇಲೆ ಮನೆ ಹಿಡಿಯುವುದು ಲೆಕ್ಕದ ದೃಷ್ಟಿಯಿಂದ ಜಾಣತನ.

ಭೋಗ್ಯದ ಮನೆ

ಬೆಂಗಳೂರಿನಲ್ಲಿ "ಲೀಸ್" ಎಂದರೆ ಭೋಗ್ಯ. ಹೊಸೂರು, ತಾಳವಾಡಿ ಕಡೆಯವರಿಗೆ ಇದು ಒತ್ತಿ ಎಂದು ಗೊತ್ತಿರುತ್ತದೆ. ದೊಡ್ಡ ಮೊತ್ತವೊಂದನ್ನು ಎರಡು ಮೂರು ವರ್ಷಕ್ಕೆ ಮಾಲೀಕರಿಗೆ ಕೊಡುವುದು, ತಿಂಗಳ ಬಾಡಿಗೆ ಇಲ್ಲ, ಅವಧಿ ಮುಗಿದ ಮೇಲೆ ಪೂರ್ತಿ ಮೊತ್ತ ವಾಪಸ್. ಕೇಳಲು ಲಾಭದ್ದೇ.

ಅಪಾಯ ಎಲ್ಲಿದೆ ಎಂದರೆ, ಆ ಮನೆಯ ಮೇಲೆ ಮಾಲೀಕರು ಬ್ಯಾಂಕ್ ಸಾಲ ಮಾಡಿರಬಹುದು. ಸಾಲ ಕಟ್ಟದಿದ್ದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಮನೆಯನ್ನು ವಶಕ್ಕೆ ತೆಗೆದುಕೊಂಡು ಹರಾಜು ಹಾಕುತ್ತದೆ. ಆಗ ನೋಂದಣಿಯಾಗದ ಭೋಗ್ಯ ಪತ್ರ ಹಿಡಿದವರು ಬೀದಿಗೆ ಬೀಳುತ್ತಾರೆ. ಮಧ್ಯವರ್ತಿಗಳು ಮಾಲೀಕರಿಂದ ಬಾಡಿಗೆಗೆ ಪಡೆದ ಮನೆಯನ್ನೇ ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು, ಕೆಲವು ತಿಂಗಳು ಮಾಲೀಕರಿಗೆ ಬಾಡಿಗೆ ಕಟ್ಟಿ, ಆಮೇಲೆ ಕೈಯೆತ್ತಿದ ಪ್ರಕರಣಗಳೂ ನಡೆದಿವೆ.

ಭೋಗ್ಯಕ್ಕೆ ಹೋಗುವವರು ಮೂರು ಕೆಲಸ ಮಾಡಲೇಬೇಕು. ಒಂದು, ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ ನೋಡುವುದು. ಎರಡು, ಕರಾರನ್ನು ನೋಂದಾಯಿಸುವುದು. ಮೂರು, ಖಾತೆಯಲ್ಲಿ ಯಾರ ಹೆಸರಿದೆಯೋ ಅವರ ಬ್ಯಾಂಕ್ ಖಾತೆಗೇ ಹಣ ಹಾಕುವುದು. ಇವುಗಳಲ್ಲಿ ಒಂದಕ್ಕೆ ಮಾಲೀಕರು ಹಿಂದೇಟು ಹಾಕಿದರೂ ಆ ಮನೆ ಬೇಡ.

ಮನೆ ನೋಡುವಾಗ

ನೀರು ಮೊದಲು. ಮನೆಗೆ ಜಲಮಂಡಳಿಯ ಕಾವೇರಿ ನೀರಿನ ಸಂಪರ್ಕ ಇದೆಯೇ, ಬೋರ್‌ವೆಲ್ ಮಾತ್ರವೇ, ಟ್ಯಾಂಕರ್ ತರಿಸುತ್ತಾರೆಯೇ ಎಂದು ಕೇಳಿ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಸಂಪು ಎಷ್ಟು ದೊಡ್ಡದು ಎಂದೂ ಕೇಳಿ. 2024ರ ಬೇಸಿಗೆಯಲ್ಲಿ ನಗರದ ಬಹಳಷ್ಟು ಬೋರ್‌ವೆಲ್‌ಗಳು ಬತ್ತಿದವು. ಆ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತ್ತು. ಟ್ಯಾಂಕರ್ ಖರ್ಚು ಯಾರದ್ದು ಎಂಬುದು ಕರಾರಿನಲ್ಲಿ ಇಲ್ಲದಿದ್ದರೆ ಅದು ಬಾಡಿಗೆದಾರರ ತಲೆಗೆ ಬರುತ್ತದೆ.

ಮಳೆ ಎರಡನೆಯದು. ಕೋರಮಂಗಲದ ನಾಲ್ಕನೇ ಬ್ಲಾಕಿನಲ್ಲಿ ಎಸ್.ಟಿ. ಬೆಡ್ ಎಂಬ ಭಾಗವಿದೆ. ಅದು ಶ್ರೀನಿವಾಗಿಲು ಕೆರೆಯ ಅಂಗಳ. ಹೆಸರಲ್ಲೇ ಕೆರೆ ಇದೆ, ಮಳೆ ಜೋರಾದರೆ ನೀರೂ ಬರುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಹೊರ ವರ್ತುಲ ರಸ್ತೆ ಮತ್ತು ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ನೆಲಮಹಡಿಯ ಮನೆ ನೋಡುವಾಗ ಗೋಡೆಯ ಕೆಳಭಾಗದಲ್ಲಿ ನೀರಿನ ಗೆರೆ ಇದೆಯೇ ಎಂದು ಗಮನಿಸಿ. ಪಕ್ಕದ ಕಿರಾಣಿ ಅಂಗಡಿಯವರನ್ನು ಕೇಳಿದರೆ ನಿಜ ಗೊತ್ತಾಗುತ್ತದೆ.

ಮೂರನೆಯದು ಸದ್ದು. ಇಂದಿರಾನಗರದ ಪಬ್ಬುಗಳ ಹಿಂದಿನ ಅಡ್ಡರಸ್ತೆಯ ಮನೆಯನ್ನು ಹಗಲು ಹನ್ನೊಂದಕ್ಕೆ ನೋಡಿದರೆ ತಪಸ್ಸು ಮಾಡುವಷ್ಟು ಶಾಂತ. ಶನಿವಾರ ರಾತ್ರಿ ಹನ್ನೊಂದಕ್ಕೆ ನೋಡಿದರೆ ಬೇರೆಯೇ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ನಿಯಮ ಇದೆ, ನಿದ್ದೆ ಇಲ್ಲ ಎಂದು ಅಲ್ಲಿಯ ನಿವಾಸಿಗಳು ವರ್ಷಗಳಿಂದ ದೂರುತ್ತಾ ಬಂದಿದ್ದಾರೆ. ಮನೆಯನ್ನು ಒಮ್ಮೆ ಹಗಲು, ಒಮ್ಮೆ ರಾತ್ರಿ ನೋಡಿ.

ನಾಲ್ಕನೆಯದು ಓಡಾಟ. ಸೊಲ್ಲಾಪುರ, ಆದೋನಿ ಮಾರ್ಗದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಾಗಲಿ, ಕಾಸರಗೋಡಿನಿಂದ ಕಣ್ಣೂರು ಬೆಂಗಳೂರು ರೈಲಿನಲ್ಲಾಗಲಿ ಬಂದು ಮುಖ್ಯ ರೈಲು ನಿಲ್ದಾಣದಲ್ಲಿ ಇಳಿದವರಿಗೆ ಅಲ್ಲೇ ಮೆಟ್ರೋ ಇದೆ. ನೇರಳೆ ಮಾರ್ಗದಲ್ಲಿ ಬದಲಿಸದೇ ಇಂದಿರಾನಗರ ತಲುಪಬಹುದು. ಈ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾದದ್ದು 2023ರ ಅಕ್ಟೋಬರ್‌ನಲ್ಲಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗವೂ ಶುರುವಾಯಿತು. ಅದರ ಸಿಲ್ಕ್ ಬೋರ್ಡ್ ನಿಲ್ದಾಣ ಎಚ್.ಎಸ್.ಆರ್. ಲೇಔಟಿಗೆ ಹತ್ತಿರ. ಹೊಸೂರಿನವರು ಇಲ್ಲಿ ಒಂದು ಲೆಕ್ಕ ಹಾಕಬೇಕು. ಬಸ್ಸಿನಲ್ಲಿ ಬೊಮ್ಮಸಂದ್ರ, ಅಲ್ಲಿಂದ ಮೆಟ್ರೋ ಎಂದು ದಿನಾ ಓಡಾಡಿದರೆ ಲಕ್ಷಗಟ್ಟಲೆ ಅಡ್ವಾನ್ಸ್ ಉಳಿಯುತ್ತದೆಯೇ, ಅಥವಾ ಆರೋಗ್ಯ ಹೋಗುತ್ತದೆಯೇ? ಕೆಲಸದ ಜಾಗ ಎಲೆಕ್ಟ್ರಾನಿಕ್ ಸಿಟಿ ಆದರೆ ಒಂದು ಉತ್ತರ, ವೈಟ್‌ಫೀಲ್ಡ್ ಆದರೆ ಇನ್ನೊಂದು.

ಕೊನೆಗೆ ಕರೆಂಟು. ಮನೆಗೆ ಬೆಸ್ಕಾಂನ ಪ್ರತ್ಯೇಕ ಮೀಟರ್, ಪ್ರತ್ಯೇಕ ಆರ್.ಆರ್. ನಂಬರ್ ಇದೆಯೇ ನೋಡಿ. ಸಬ್ ಮೀಟರ್ ಹಾಕಿ ಯೂನಿಟ್ಟಿಗೆ ಇಷ್ಟು ಎಂದು ಮಾಲೀಕರೇ ವಸೂಲು ಮಾಡುವ ಕಡೆ ಖರ್ಚು ಹೆಚ್ಚು. ಕರ್ನಾಟಕ ಸರ್ಕಾರ 2023ರಲ್ಲಿ ಆರಂಭಿಸಿದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗಿನ ರಿಯಾಯಿತಿಗೆ ಬಾಡಿಗೆದಾರರೂ ಅರ್ಹರು. ಇದಕ್ಕೆ ಆಧಾರ್, ಆರ್.ಆರ್. ನಂಬರ್ ಮತ್ತು ಬಾಡಿಗೆ ಕರಾರು ಬೇಕು. ಹಿಂದಿನ ಬಾಡಿಗೆದಾರರ ಜೋಡಣೆ ಹಾಗೇ ಇದ್ದರೆ ಅದನ್ನು ರದ್ದು ಮಾಡಿಸಿ. ನೀವು ಬಿಡುವಾಗ ನಿಮ್ಮದನ್ನೂ ರದ್ದು ಮಾಡಿಸಿ.

ಮಾಲೀಕರ ಪ್ರಶ್ನೆಗಳು, ದಲ್ಲಾಳಿಗಳು, ಮೋಸಗಳು

ಮದುವೆಯಾಗಿದೆಯೇ, ಎಷ್ಟು ಜನ ಇರುತ್ತೀರಿ, ಮಾಂಸಾಹಾರ ಮಾಡುತ್ತೀರಾ, ಯಾವ ಪೈಕಿ, ಯಾವ ಊರು ಎಂದು ಮಾಲೀಕರು ಕೇಳುತ್ತಾರೆ. ಇದರಲ್ಲಿ ನೋಯಿಸುವ ಪ್ರಶ್ನೆಗಳೂ ಇವೆ. "ಕಾಸರಗೋಡು" ಎಂದೊಡನೆ ಮಲಯಾಳಿ, "ಸೊಲ್ಲಾಪುರ" ಎಂದೊಡನೆ ಮರಾಠಿ ಎಂದುಕೊಳ್ಳುವವರೂ ಸಿಗುತ್ತಾರೆ. ಕನ್ನಡದಲ್ಲಿ ನಾಲ್ಕು ಮಾತಾಡಿದರೆ ಆ ಅನುಮಾನ ಹೋಗುತ್ತದೆ. ಆದರೆ ಇರುವುದನ್ನು ಮುಚ್ಚಿಟ್ಟು ಮನೆ ಹಿಡಿಯಬೇಡಿ. ಮೀನು ಸಾರು ಇಲ್ಲದೆ ಊಟ ಸೇರದವರು ಸಸ್ಯಾಹಾರಿ ಮಾಲೀಕರ ಮೇಲ್ಮಹಡಿ ಹಿಡಿದು, ಮೂರೇ ತಿಂಗಳಿಗೆ ಬಿಡಬೇಕಾಗಿ ಬಂದರೆ ಅಡ್ವಾನ್ಸಿನಲ್ಲಿ ಕಡಿತವಾಗುವುದು ಇವರಿಗೇ.

ದಲ್ಲಾಳಿಗೆ ಕರಾರು ಆಗುವ ಮೊದಲು ದುಡ್ಡು ಕೊಡಬೇಡಿ. ಮನೆ ತೋರಿಸುವುದಕ್ಕೇ ಫೀಸು ಕೇಳುವವರಿಂದ ದೂರವಿರಿ. ಇಂಟರ್ನೆಟ್ ಜಾಹೀರಾತುಗಳಲ್ಲಿ ಒಂದು ಮೋಸ ಪದೇಪದೇ ನಡೆಯುತ್ತದೆ. ಒಳ್ಳೆಯ ಬಡಾವಣೆ, ಚೆಂದದ ಫೋಟೋ, ಬಾಡಿಗೆ ಮಾತ್ರ ಅರ್ಧ. ಫೋನ್ ಮಾಡಿದರೆ "ನಾನು ಸೈನ್ಯದಲ್ಲಿದ್ದೇನೆ, ಬೇರೆ ಕಡೆ ವರ್ಗವಾಗಿದೆ, ಮನೆ ನೋಡಲು ಗೇಟ್ ಪಾಸಿಗೆ ಟೋಕನ್ ಹಣ ಹಾಕಿ" ಎನ್ನುತ್ತಾರೆ. ಕ್ಯೂಆರ್ ಕೋಡ್ ಕಳಿಸುತ್ತಾರೆ. ಹಣ ಹಾಕಿದ ಮೇಲೆ ಫೋನ್ ಬಂದ್. ಕಣ್ಣಾರೆ ನೋಡದ ಮನೆಗೆ ಒಂದು ರೂಪಾಯಿಯನ್ನೂ ಕಳಿಸಬಾರದು. ಮನೆ ತೋರಿಸಿದವರೇ ಮಾಲೀಕರೇ ಎಂದು ತಿಳಿಯಲು ಆಸ್ತಿ ತೆರಿಗೆ ರಸೀದಿ ಅಥವಾ ಖಾತೆ, ಕರೆಂಟ್ ಬಿಲ್, ಗುರುತಿನ ಚೀಟಿ ಮೂರನ್ನೂ ಹೋಲಿಸಿ ನೋಡಿ. 2025ರ ಸೆಪ್ಟೆಂಬರ್‌ನಲ್ಲಿ ಹಳೆಯ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಾಗಿವೆ. ಹಳೆಯ ರಸೀದಿಗಳಲ್ಲಿ ಬಿಬಿಎಂಪಿ ಎಂದೇ ಇದ್ದರೆ ಗಾಬರಿ ಬೇಡ.

ಕರಾರು ಪತ್ರ

ಬಾಡಿಗೆ ಕರಾರು ಏಕೆ ಯಾವಾಗಲೂ ಹನ್ನೊಂದು ತಿಂಗಳು? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಅದರ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು ತಿಂಗಳಿಗೆ ಬರೆದು, ಆಮೇಲೆ ನವೀಕರಿಸುತ್ತಾರೆ. ನೋಟರಿಯ ಮುದ್ರೆ ಬಿದ್ದ ಮಾತ್ರಕ್ಕೆ ನೋಂದಣಿ ಆದಂತಲ್ಲ ಎಂಬುದು ನೆನಪಿರಲಿ.

ಇನ್ನೊಂದು ಮುಖ್ಯ ವಿಷಯ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಾಡಿಗೆದಾರರಿಗೆ ರಕ್ಷಣೆ ಕೊಡುತ್ತದೆ ನಿಜ. ಆದರೆ ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗೆ ಅದು ಅನ್ವಯಿಸುವುದಿಲ್ಲ. ಇಂದಿರಾನಗರದಲ್ಲಿ ಆ ದುಡ್ಡಿಗೆ ವಾಹನ ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ಇಂಥ ಮನೆಗಳಿಗೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಆಧಾರ. ಆ ಕಾಯ್ದೆ ಬಹುತೇಕ ವಿಷಯಗಳಲ್ಲಿ "ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ" ಎಂದು ಹೇಳುತ್ತದೆ. ಅಂದರೆ ಕಾಗದದಲ್ಲಿ ಏನಿದೆಯೋ ಅದೇ ನಿಮ್ಮ ಕಾನೂನು.

ಕರಾರಿನಲ್ಲಿ ಏನೂ ಬರೆಯದಿದ್ದರೆ ಆ ಕಾಯ್ದೆ ಹೇಳುವುದಿಷ್ಟು: ತಿಂಗಳ ಬಾಡಿಗೆಯ ಮನೆ ಬಿಡಿಸಲು ಅಥವಾ ಬಿಡಲು 15 ದಿನದ ನೋಟಿಸ್ ಸಾಕು. ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು, ಆದರೆ ಸಹಜ ಬಳಕೆಯ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ. ಮಾಲೀಕರು ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ, ಬಾಡಿಗೆದಾರರೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.

ಸಹಿ ಹಾಕುವ ಮೊದಲು ಕರಾರಿನಲ್ಲಿ ಈ ಅಂಶಗಳು ಸ್ಪಷ್ಟವಾಗಿ ಇವೆಯೇ ನೋಡಿ:

1. ಅಡ್ವಾನ್ಸ್ ಮೊತ್ತ, ಅದನ್ನು ಕೊಟ್ಟ ದಿನಾಂಕ, ಬ್ಯಾಂಕ್ ವರ್ಗಾವಣೆಯ ಸಂಖ್ಯೆ.
2. ಮನೆ ಬಿಟ್ಟು ಬೀಗದ ಕೈ ಕೊಟ್ಟ ಎಷ್ಟು ದಿನದೊಳಗೆ ಅಡ್ವಾನ್ಸ್ ಮರಳಿಸಬೇಕು. "ಅದೇ ದಿನ" ಎಂದು ಬರೆಸಿದರೆ ಎಲ್ಲಕ್ಕಿಂತ ಒಳ್ಳೆಯದು.
3. ಯಾವುದಕ್ಕೆ, ಗರಿಷ್ಠ ಎಷ್ಟು ಹಿಡಿದುಕೊಳ್ಳಬಹುದು. "ಪೇಂಟಿಂಗ್ ಮತ್ತು ಇತರೆ" ಎಂಬ ಮಾತಿನಲ್ಲಿ "ಇತರೆ" ಎಂಬ ಪದ ತೆಗೆಸಿ.
4. ಎರಡೂ ಕಡೆಯ ನೋಟಿಸ್ ಅವಧಿ. ಅವಧಿಗೆ ಮೊದಲು ಬಿಟ್ಟರೆ ದಂಡ ಇದೆಯೇ, ಇದ್ದರೆ ಎಷ್ಟು.
5. ನವೀಕರಣದಲ್ಲಿ ಬಾಡಿಗೆ ಶೇಕಡಾ ಎಷ್ಟು ಏರುತ್ತದೆ.
6. ಮೇಂಟೆನೆನ್ಸ್, ನೀರು, ಟ್ಯಾಂಕರ್, ರಿಪೇರಿ ಯಾರದ್ದು.
7. ಮನೆಯಲ್ಲಿರುವ ಫ್ಯಾನ್, ಗೀಸರ್, ಕಪಾಟುಗಳ ಪಟ್ಟಿ.

ಕನ್ನಡದಲ್ಲೇ ಕರಾರು ಬರೆಸಬಹುದು. ಇಂಗ್ಲಿಷಿನಲ್ಲಿದ್ದರೆ ಓದಿಸಿ, ಅರ್ಥ ಮಾಡಿಕೊಂಡು ಸಹಿ ಹಾಕಿ. ಒಳಗೆ ಕಾಲಿಟ್ಟ ದಿನವೇ ಪ್ರತಿ ಗೋಡೆ, ನಲ್ಲಿ, ಬಾಗಿಲಿನ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿ. ಎರಡು ವರ್ಷದ ನಂತರ "ಈ ಬಿರುಕು ನಿಮ್ಮದೇ" ಎಂದಾಗ ಅದೇ ಸಾಕ್ಷಿ.

ನಮ್ಮ ರಾಜ್ಯದ ನಿಯಮ ಅಲ್ಲಿಲ್ಲ

ಗಡಿನಾಡಿನವರು ತಮ್ಮ ರಾಜ್ಯದ ರೂಢಿಯನ್ನೇ ನಂಬಿ ಹೋಗುವುದುಂಟು. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ ಬಾಡಿಗೆ ಕರಾರು ಎಷ್ಟೇ ಅವಧಿಯದ್ದಾದರೂ ಬರಹದಲ್ಲಿದ್ದು ನೋಂದಣಿಯಾಗಲೇಬೇಕು, ಅದು ಮಾಲೀಕರ ಜವಾಬ್ದಾರಿ. ಪುಣೆಯಲ್ಲಿ ಇದ್ದು ಬಂದ ಸೊಲ್ಲಾಪುರ, ಜತ್ತದವರಿಗೆ ಇದು ಗೊತ್ತು. ತಮಿಳುನಾಡಿನಲ್ಲಿ 2019ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾಯ್ದೆ ಲಿಖಿತ ಕರಾರನ್ನು ಕಡ್ಡಾಯ ಮಾಡಿದೆ, ಅಡ್ವಾನ್ಸನ್ನು ಮೂರು ತಿಂಗಳ ಬಾಡಿಗೆಗೆ ಮಿತಿಗೊಳಿಸಿದೆ. ಅತ್ತಿಬೆಲೆ ದಾಟಿದ ಮೇಲೆ ಹೊಸೂರಿನವರಿಗೆ ಆ ರಕ್ಷಣೆ ಇಲ್ಲ. ಮನೆ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಕಾನೂನು ಎಂಬುದನ್ನು ಮರೆಯಬಾರದು.

ಊರಿನ ದಾಖಲೆ, ನಗರದ ವಿಳಾಸ

ಬಾಡಿಗೆ ಕರಾರು ಕೈಗೆ ಬಂದೊಡನೆ ಆಧಾರ್ ವಿಳಾಸ ಬದಲಿಸಬೇಕೇ? ಅವಸರ ಬೇಡ. ಗಡಿನಾಡ ಕನ್ನಡಿಗರಿಗೆ ಕರ್ನಾಟಕದ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಪ್ರತ್ಯೇಕ ಅವಕಾಶವಿದೆ. ಮನೆಯಲ್ಲಿ ಇನ್ನೂ ಓದುವ ತಮ್ಮ, ತಂಗಿ ಇದ್ದರೆ ಊರಿನ ತಾಲ್ಲೂಕಿನ ವಾಸದ ದಾಖಲೆ ಬೇಕಾಗುತ್ತದೆ. ಕೆಲಸಕ್ಕೆ ಹೋದವರ ಜೊತೆ ಇಡೀ ಕುಟುಂಬದ ವಿಳಾಸ ಬದಲಿಸುವ ಮೊದಲು ಇದನ್ನು ಯೋಚಿಸಿ. ಬ್ಯಾಂಕ್, ಗ್ಯಾಸ್, ಕಚೇರಿಗಳಿಗೆ ಸದ್ಯದ ವಿಳಾಸಕ್ಕೆ ಬಾಡಿಗೆ ಕರಾರು ಹೆಚ್ಚಾಗಿ ಸಾಕಾಗುತ್ತದೆ.

ಮತದಾರರ ಪಟ್ಟಿಯಲ್ಲಿ ಮಾತ್ರ ಎರಡು ಕಡೆ ಹೆಸರು ಇರುವಂತಿಲ್ಲ. ಬೆಂಗಳೂರಿನಲ್ಲಿ ಸೇರಿಸಿದರೆ ಊರಿನಲ್ಲಿ ತೆಗೆಸಬೇಕು. ರೇಷನ್ ಕಾರ್ಡ್ ಆಹಾರ ಭದ್ರತಾ ಕಾಯ್ದೆಯ ಅಡಿಯದ್ದಾದರೆ ಒಂದು ದೇಶ ಒಂದು ಪಡಿತರ ವ್ಯವಸ್ಥೆಯಲ್ಲಿ ಬೇರೆ ರಾಜ್ಯದಲ್ಲೂ ಧಾನ್ಯ ಪಡೆಯಬಹುದು. ಬಾಡಿಗೆದಾರರ ವಿವರವನ್ನು ಮಾಲೀಕರು ಪೊಲೀಸ್ ಠಾಣೆಗೆ ಕೊಡುವ ರೂಢಿಯಿದೆ. ಬೇರೆ ರಾಜ್ಯದ ವಿಳಾಸ ಎಂದು ಅಳುಕುವ ಅಗತ್ಯವಿಲ್ಲ. ಗುರುತಿನ ಪ್ರತಿ ಕೊಡುವಾಗ ಅದರ ಮೇಲೆ "ಬಾಡಿಗೆ ಕರಾರಿಗೆ ಮಾತ್ರ" ಎಂದು ಬರೆದು ದಿನಾಂಕ ಹಾಕಿ.

ಆದಾಯ ತೆರಿಗೆಯ ವಿಷಯವೂ ಒಂದಿಷ್ಟು. ಹಳೆಯ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವವರು, ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಕೊಡಬೇಕು. ಪ್ಯಾನ್ ಕೊಡಲು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿ. ತಿಂಗಳ ಬಾಡಿಗೆ 50,000 ದಾಟಿದರೆ ಬಾಡಿಗೆದಾರರೇ ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟಬೇಕು. ಆ ದರ 2024ರ ಅಕ್ಟೋಬರ್ 1ರಿಂದ ಶೇ 5ರಿಂದ ಶೇ 2ಕ್ಕೆ ಇಳಿದಿದೆ. ಮಾಲೀಕರು ವಿದೇಶವಾಸಿಗಳಾದರೆ ಈ ಮಿತಿಯೂ ಇಲ್ಲ, ದರವೂ ಬೇರೆ. ಈ ಬಡಾವಣೆಗಳಲ್ಲಿ ಅಂಥ ಮಾಲೀಕರಿರುವುದು ಅಪರೂಪವಲ್ಲ. ಅಂಥ ಕಡೆ ಲೆಕ್ಕ ಪರಿಶೋಧಕರನ್ನು ಕೇಳಿಯೇ ಮುಂದುವರಿಯಿರಿ.

ಮನೆ ಬಿಡುವಾಗ

ನೋಟಿಸನ್ನು ಬಾಯಿಮಾತಿನಲ್ಲಿ ಕೊಡಬೇಡಿ. ವಾಟ್ಸಾಪ್ ಅಥವಾ ಇ-ಮೇಲ್ ಆದರೂ ಸರಿ, ಬರಹದಲ್ಲಿರಲಿ. ಕೊನೆಯ ಕರೆಂಟ್, ನೀರಿನ ಬಿಲ್ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಖಾಲಿ ಮನೆಯ ಫೋಟೋ ಮತ್ತೆ ತೆಗೆಯಿರಿ. ಬೀಗದ ಕೈ ಮತ್ತು ಅಡ್ವಾನ್ಸ್ ಒಂದೇ ಹೊತ್ತಿಗೆ ಕೈ ಬದಲಾಗುವಂತೆ ನೋಡಿಕೊಳ್ಳಿ. "ಹೊಸ ಬಾಡಿಗೆದಾರ ಬಂದ ಮೇಲೆ ಕೊಡುತ್ತೇನೆ" ಎಂಬುದು ಸಾಮಾನ್ಯ ಮಾತು. ಹಾಗಾದರೆ ಎಷ್ಟು ಕೊಡಬೇಕು, ಯಾವ ದಿನ ಕೊಡುತ್ತಾರೆ ಎಂದು ಬರೆಸಿ ಸಹಿ ಪಡೆಯಿರಿ.

ಕೊಡದೇ ಸತಾಯಿಸಿದರೆ ಮೊದಲು ನೋಂದಾಯಿತ ಅಂಚೆಯಲ್ಲಿ ಪತ್ರ, ಆಮೇಲೆ ವಕೀಲರ ನೋಟಿಸ್, ಕೊನೆಗೆ ಸಿವಿಲ್ ದಾವೆ. ಇಂಥ ಹಣಕ್ಕೆ ದಾವೆ ಹೂಡಲು ಮೂರು ವರ್ಷದ ಕಾಲಮಿತಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಬೇರೆ ರಾಜ್ಯದವರಿಗೂ ಇದು ಅನ್ವಯ.

ಅವಧಿ ಮುಗಿಯುವ ಮೊದಲೇ ಸಾಮಾನು ಹೊರಗೆಸೆಯುವ, ಬೀಗ ಬದಲಿಸುವ ಬೆದರಿಕೆ ಬಂದರೆ ಹೆದರಬೇಡಿ. ಕಾನೂನು ಕ್ರಮವಿಲ್ಲದೆ ಹೊರಹಾಕಿದವರ ವಿರುದ್ಧ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ಮರಳಿ ಪಡೆಯಬಹುದು. ಆಗಲೂ ಕೈಯಲ್ಲಿ ಬೇಕಾಗುವುದು ಅದೇ ಕರಾರು, ಅದೇ ಬಾಡಿಗೆ ರಸೀದಿ.

ಒಳ್ಳೆಯ ಮಾಲೀಕರು ಬೇಕಾದಷ್ಟು ಜನ ಇದ್ದಾರೆ. ಹಬ್ಬಕ್ಕೆ ಒಬ್ಬಟ್ಟು ಕಳಿಸಿ, ಮನೆ ಬಿಡುವ ದಿನ ಪೂರ್ತಿ ಅಡ್ವಾನ್ಸ್ ಎಣಿಸಿಕೊಟ್ಟು ಕಳಿಸುವವರೂ ಇದ್ದಾರೆ. ಅಂಥವರ ಜೊತೆಗೂ ಕಾಗದ ಸರಿಯಾಗಿರಲಿ. ನಾಳೆ ಆಸ್ತಿ ಮಕ್ಕಳ ಪಾಲಿಗೆ ಹೋದಾಗ ಅಜ್ಜನ ಬಾಯಿಮಾತು ಉಳಿಯುವುದಿಲ್ಲ. ಊರಿನಿಂದ ಅಡ್ವಾನ್ಸ್ ಕಳಿಸುವ ತಂದೆತಾಯಿ ಕೇಳಬೇಕಾದ್ದು ಇಷ್ಟೇ: ದುಡ್ಡು ಹಾಕುವ ಮೊದಲು ಕರಾರಿನ ಪ್ರತಿಯನ್ನು ನಮಗೂ ಒಂದು ಕಳಿಸು.